ಬಡಗಿ ಹತ್ತದ ಅಟ್ಟಣಿಗೆ

ಅಪ್ಪ,

ರಂಗದ ಅಟ್ಟಣಿಗೆಯಿಂದ ಬಿದ್ದು ನೀನು ಹೋದ ಮೇಲೆ ಕಲಾವಿದರ ಸಂಘ ಒಂದು ನಿಯಮ ತಂದಿತು. ಬಡಗಿ ಮೊದಲು ಹತ್ತಿ ತೋರಿಸದೆ ಸದಸ್ಯರು ಹತ್ತುವಂತಿಲ್ಲ. ನಾನಿನ್ನೂ ಸದಸ್ಯಳಾಗಿಲ್ಲ. ಸಂಘ ಸೇರಿದ ಹೊಸಬರನ್ನು, ನಿಯಮದ ತಲೆನೋವು ಬೇಡವೆಂದು, ಸಣ್ಣ ತಂಡಗಳು ಹತ್ತಿರ ಸೇರಿಸುವುದಿಲ್ಲ.

ಇವತ್ತು ತಾಲೀಮಿಗೆ ಬಡಗಿ ಬಂದಿರಲಿಲ್ಲ. ನಾಯಕಿ ಪಾತ್ರದ ಅಕ್ಕ, ಸಂಘದ ಹಿರಿಯ ಸದಸ್ಯೆ, ಹತ್ತಲು ಒಪ್ಪಲಿಲ್ಲ. ನಿರ್ದೇಶಕರು ನನ್ನತ್ತ ತಿರುಗಿ, "ನಿಂಗೆ ಸಂಘದ ರಗಳೆ ಇಲ್ವಲ್ಲ. ಹತ್ತು, ಪಾತ್ರ ನಿಂದೇ" ಅಂದರು.

ಹತ್ತಿದೆ. ಕಾಲಡಿಯ ಹಲಗೆ ಕಿರುಗುಟ್ಟಿತು. ಜೀವ ಅಂಗೈಯಲ್ಲಿ ಹಿಡಿದು ಅಷ್ಟೂ ಮಾತು ಒಪ್ಪಿಸಿದೆ.

"ಭೇಷ್, ಅಪ್ಪನಿಗೆ ತಕ್ಕ ಮಗಳು" ಅಂದರು ನಿರ್ದೇಶಕರು.

ಕೆಳಗೆ ನೋಡಿದರೆ, ಪಾತ್ರ ಕಳೆದುಕೊಂಡ ಆ ಅಕ್ಕ ಎರಡೂ ಕೈಯಲ್ಲಿ ಏಣಿಯನ್ನು ಅವುಚಿ ನಿಂತಿದ್ದಳು.

"ನಿಧಾನಕ್ಕೆ ಇಳಿ" ಅಂದಳು. "ನಾನು ಬಿಡಲ್ಲ."

ನಾಳೆ ಮತ್ತೆ ಹತ್ತಬೇಕು. ಅವಳು ಇರುವುದಿಲ್ಲ.