ಪುಟ ೧೧೨

೪ ಫೆಬ್ರುವರಿ ೧೯೪೬, ವಿಜಾಪುರ
ಇಂದೂ ಲೈಬ್ರರಿ. ಪುಣೆಯ ಪ್ರೊಫೆಸರರ ಅಪ್ಪಣೆ: ಮೊದಲು ಅಚ್ಚಾದದ್ದನ್ನು ಓದಿ, ಆಮೇಲೆ ಊರಿಗೆ ಹೋಗಿ. ಜನಗಣತಿ ವರದಿ, ನಿಘಂಟು, ಜಿಲ್ಲೆಯ ಹಳೆಯ ಜಾತಿವಿವರ — ಹದಿನೇಳು ಚೀಟಿ ಬರೆದೆ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು ಈಗ ಸಮಾಜಶಾಸ್ತ್ರದ ಸಂಶೋಧಕ. ಇಷ್ಟು ದಿನ ಮಾಡಿದ ಹತ್ತಿ ದಲಾಲಿಗಿಂತ ಇಲ್ಲಿ ಸುಳ್ಳು ಕಡಿಮೆ ಇರಬಹುದು.

೯ ಫೆಬ್ರುವರಿ, ತಿಕೋಟಾ
ದುಂಡವ್ವ. ಇಪ್ಪತ್ತು ವರ್ಷ, ವಿಧವೆ. ತಾಯಿ ಮುರಿಗೆವ್ವನ ಜೊತೆ ಇದ್ದಾಳೆ. ಬಬಲೇಶ್ವರದ ಬಸಗೊಂಡಪ್ಪ ಉಡಕಿ ಮಾಡಿಕೊಳ್ಳಲು ತಯಾರು. ವಿಧವೆಗೆ ಉಡಕಿ, ಅಂದರೆ ಮರುಮದುವೆ, ನಮ್ಮ ಕುಲದಲ್ಲಿ ಎಂದೂ ಇರಲಿಲ್ಲ ಎನ್ನುತ್ತಾರೆ ಪಂಚರು. ಕುಲದವರು ಮಾಂಸ ಬಿಟ್ಟು ಹತ್ತು ವರ್ಷ. ದೊಡ್ಡ ಕುಲದವರಾಗುವ ಅವಸರ.
ಜಾತಿವಿವರದ ಪುಟ ೧೧೨ ಇದೇ ಕುಲದ್ದು, ನನ್ನ ಚೀಟಿ ೬: 'ಉಡಕಿ ಉಂಟು.'
"ಅಚ್ಚಿನ್ಯಾಗ ಐತೇನ್ರಿ ಅಣ್ಣಾರ?"
"ಐತವಾ. ಸರಕಾರದ ಅಚ್ಚು."
"ಹಂಗಾರ ಪಂಚರ ಮುಂದ ಓದ್ರಿ."
ನಕ್ಕಳು. ತಾಯಿ ಬಾಗಿಲ ಕಡೆ ನೋಡಿದಳು.

೧೬ ಫೆಬ್ರುವರಿ, ತಿಕೋಟಾ
ಓದಿದೆ. ಚೀಟಿಯೇ ಸಾಕಿತ್ತು. ತೂಕ ಇರಲೆಂದು ಪುಸ್ತಕವನ್ನೇ ತಂದಿದ್ದೆ. ದಲಾಲಿಯಲ್ಲಿ ಕಲಿತ ನನ್ನ ಇಂಗ್ಲಿಷಿಗೆ ಪಂಚರ ಕಟ್ಟೆಯೆಲ್ಲ ಬೆರಗು... ಒಂದು ಸಾಲಿಗೆ ನಿಲ್ಲಲಿಲ್ಲ. ಮುಂದಿನದನ್ನೂ ಕನ್ನಡ ಮಾಡಿ ಹೇಳಿದೆ: ಗಂಡಸರು ಕುಡುಕರು, ಹೆಂಗಸರು ನಡತೆಗೆಟ್ಟವರು.
ಹಿರಿಯ ಪಂಚ ಯಲಗೂರಪ್ಪ ಎದ್ದು ನಿಂತರು.
"ಉಡಕಿ ಆದ್ರ ಈ ಪುಸ್ತಕ ಖರೇ ಆಗತೈತಿ. ಆಗಂಗಿಲ್ಲ."
ದುಂಡವ್ವನ ಮನೆಗೆ ಬಹಿಷ್ಕಾರ. ಬೆಂಕಿ ಕೊಡುವಂತಿಲ್ಲ, ಬಾವಿಗೆ ಬರುವಂತಿಲ್ಲ.

೨೭ ಫೆಬ್ರುವರಿ, ವಿಜಾಪುರ
ಬಸಗೊಂಡಪ್ಪನಿಗೆ ನಿಡೋಣಿಯಲ್ಲಿ ಹೆಣ್ಣು ಗೊತ್ತಾಯಿತಂತೆ. ನಾನು ತಿಕೋಟಾಕ್ಕೆ ಹೋಗಿಲ್ಲ. ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿದೆ. ಎರಡು ಸಲ.

೧೧ ಮಾರ್ಚ್, ವಿಜಾಪುರ, ಮುಂಜಾನೆ
ದುಂಡವ್ವ ತಿಕೋಟಾದಿಂದ ನಡೆದೇ ಬಂದಿದ್ದಳು. ಮುರಿಗೆವ್ವ ನಿನ್ನೆ ಜ್ವರದಲ್ಲಿ ಸತ್ತಳಂತೆ. ಹೆಣ ಹೊರಲು ಕುಲದವರು ಒಬ್ಬರೂ ಬಂದಿಲ್ಲ.
"ಪುಸ್ತಕ ಸುಳ್ಳಂತ ಹೇಳ್ರಿ. ಹೇಳಿದ್ರ ಹೊರತಾರಂತ."
"ನಿನ್ನ ಉಡಕಿ?"
"ಅವ್ವ ಮನ್ಯಾಗ ಮಲಗ್ಯಾಳ್ರಿ."

ಅದೇ ದಿನ, ತಿಕೋಟಾ, ಸಂಜೆ
ಕಟ್ಟೆಯ ಮೇಲೆ ನಿಂತು ಹೇಳಿದೆ. ಬರೆದ ಸಾಹೇಬನಿಗೆ ಏನೂ ಗೊತ್ತಿರಲಿಲ್ಲ, ಈ ಕುಲದಲ್ಲಿ ಉಡಕಿ ಎಂದೂ ಇರಲಿಲ್ಲ. ಚೆನ್ನಾಗಿಯೇ ಹೇಳಿದೆ. ಮಾತು ಬರುತ್ತದಲ್ಲ. ನಾಲ್ವರು ಎದ್ದರು. ಮೊದಲು ಹೆಗಲು ಕೊಟ್ಟವರು ಯಲಗೂರಪ್ಪ.

೧೫ ಮಾರ್ಚ್, ವಿಜಾಪುರ
ಪ್ರೊಫೆಸರರ ಕಾಗದ. ಪುಟ ೧೧೨ರ ಮಾತನ್ನು ಊರಲ್ಲಿ ವಿಚಾರಿಸಿದಿರಾ?
ಚೀಟಿ ೧೮. ತಿಕೋಟಾ. ಉಡಕಿ: ಇಲ್ಲ. ಹೇಳಿದವರು: ದುಂಡವ್ವ, ವಯಸ್ಸು ಇಪ್ಪತ್ತು, ವಿಧವೆ, ಮನೆಯಲ್ಲಿ ಈಗ ಒಬ್ಬಳೇ.