ಫ್ಯಾಮಿಲಿ ರೂಮಿನ ಹಸಿರು ಪರದೆ

ಡೊಂಬಿವಲಿ (ಪೂರ್ವ)
9 ಫೆಬ್ರವರಿ 1983

ಪ್ರೀತಿಯ ಮಗ ವಾದಿರಾಜನಿಗೆ,

ಹೇಗಿದ್ದೀ ಮಾರಾಯ? ಮಸ್ಕತ್ತಿಗೆ ಹೋದ ಮೇಲೆ ಹಿಡಿದ ಕೆಮ್ಮು ಬಿಟ್ಟಿತೋ ಇಲ್ಲವೋ? ನಾನು ಕಳಿಸಿದ ಕಷಾಯದ ಪುಡಿಯ ಡಬ್ಬಿಯನ್ನು ನೀನು ಇನ್ನೂ ತೆರೆದಿರಲಿಕ್ಕಿಲ್ಲ, ನನಗೆ ಗೊತ್ತು. ಇವತ್ತಾದರೂ ಕುಡಿ. ಇಲ್ಲಿ ನನ್ನ ಮೊಣಕಾಲು ಸ್ಟೇಷನ್ನಿನ ಮೆಟ್ಟಿಲು ಕಂಡರೆ ನೋಯುತ್ತದೆ, ಜಗಳಕ್ಕೆ ಹೊರಟರೆ ನೋಯುವುದಿಲ್ಲ. ಡಾಕ್ಟರರಿಗೆ ಹೇಳಿದರೆ ನಗುತ್ತಾರೆ. ನನ್ನ ಸೊಸೆ ಶ್ರೀಮತಿ ಆರಾಮವಾಗಿದ್ದಾಳೆ. ಥಾಣೆಯ ಶಾಲೆಯ ಕೆಲಸಕ್ಕೆ ಲೋಕಲ್ ರೈಲಿನಲ್ಲಿ ಒದ್ದಾಡಿಕೊಂಡು ಹೋಗುತ್ತಾಳೆ, ಒದ್ದಾಡಿಕೊಂಡು ಬರುತ್ತಾಳೆ.

ನಿನ್ನ ಪತ್ರ ನಿನ್ನೆ ಬಂತು. ಶ್ರೀಮತಿ ಇನ್ನು ಆ ಕಮ್ಮಟಕ್ಕೆ ಹೋಗುವುದು ಬೇಡ, ಮನೆಯಲ್ಲಿದ್ದರೆ ಮರ್ಯಾದೆಯಾದರೂ ಉಳಿಯುತ್ತದೆ ಎಂದು ಬರೆದಿದ್ದೀ. ಓದಿದ ಕೂಡಲೇ ನನಗೆ ಸಿಟ್ಟು ನೆತ್ತಿಗೇರಿತು. ಆಮೇಲೆ, ಪಾಪ ದೂರದಲ್ಲಿದ್ದಾನೆ, ಅವನಿಗೆ ಜನವರಿಯ ಸಂಗತಿ ಮಾತ್ರ ಗೊತ್ತು, ಮೊನ್ನೆ ಭಾನುವಾರದ್ದು ಗೊತ್ತಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅದಕ್ಕೇ ಇಷ್ಟುದ್ದದ ಪತ್ರ. ಊಟ ಮುಗಿಸಿ ಓದು.

ಕಮ್ಮಟ ನಡೆಯುವುದು ತಿಂಗಳಿಗೊಂದು ಭಾನುವಾರ, ಪುಂಡರೀಕಾಕ್ಷನ ಹೋಟೆಲಿನ ಮಾಳಿಗೆಯಲ್ಲಿ. ನಮ್ಮ ಕನ್ನಡ ಬಳಗಕ್ಕೆ ಅವನೇ ಕಾರ್ಯದರ್ಶಿ. ಜಾಗ ಅವನದು, ಕಾಫಿ ಅವನದು, ಆದ್ದರಿಂದ ತೀರ್ಮಾನವೂ ಅವನದೇ. ಶ್ರೀಮತಿ ಥಾಣೆಯ ಪಕ್ಕದ ಕಳವಾ ಊರಿನಲ್ಲಿ ಖೋಲಿ ಖೋಲಿ ಅಲೆದು, ಕಲಬುರ್ಗಿ ಕಡೆಯ ಹೆಂಗಸರ ಬಾಯಿಂದ ಬೀಸುವ ಕಲ್ಲಿನ ಹಾಡುಗಳನ್ನು ಬರೆದುಕೊಂಡು ಪ್ರಬಂಧ ಮಾಡಿದ್ದಾಳಲ್ಲ, ಅದನ್ನು ಮಾರ್ಚಿನ ಭಾನುವಾರ ಎಲ್ಲರೆದುರು ಓದಬೇಕು. ಪ್ರಬಂಧಗಳನ್ನು ತಿದ್ದಿ, ಒಳ್ಳೆಯದನ್ನು ಪುಸ್ತಕಕ್ಕೆ ಆರಿಸಲು ಪ್ರೊಫೆಸರ್ ಮುರಾರಿ ಎಂಬವರನ್ನು ಹೊರಗಿನಿಂದ ಕರೆಸಿದ್ದರು. ಅವರು ಜನವರಿಯಲ್ಲಿ ಏನು ಮಾಡಿದರೆಂದು ಅವಳೇ ನಿನಗೆ ಬರೆದಿದ್ದಾಳೆ. ತಿದ್ದುವ ನೆಪದಲ್ಲಿ ಬೆನ್ನ ಹಿಂದೆ ನಿಂತು ಹೆಗಲ ಮೇಲೆ ಕೈ ಇಡುವುದು, ಗಂಡ ದೂರದಲ್ಲಿದ್ದರೆ ವಿರಹದ ಹಾಡು ಚೆನ್ನಾಗಿ ಅರ್ಥವಾಗುತ್ತದೆ ಎಂದು ನಗುವುದು, ಉಳಿದದ್ದನ್ನು ಲಾಡ್ಜಿನ ರೂಮಿಗೆ ಬಂದರೆ ಹೇಳಿಕೊಡುತ್ತೇನೆ ಎನ್ನುವುದು. ಆ ಸಂಜೆ ನಿನ್ನ ಹೆಂಡತಿ ಸಾರಿಗೆ ಉಪ್ಪೇ ಹಾಕಲಿಲ್ಲ. ಪ್ರಬಂಧವನ್ನು ಹಳೇ ಪೇಪರಿನ ಕಟ್ಟಿನಲ್ಲಿ ತುರುಕಿದ್ದಳು. ನಾನೇ ಎಳೆದು ತೆಗೆದೆ.

ಮರುದಿನವೇ ಪುಂಡರೀಕನ ಗಲ್ಲಾಪೆಟ್ಟಿಗೆಯ ಎದುರು ಹೋಗಿ ನಿಂತೆ. ನಿನ್ನ ಅಪ್ಪನ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದಾಗಿನಿಂದ ಅವನು ನನಗೆ ಹೆದರುತ್ತಾನೆ, ದೇವರ ದಯೆ. ಮೊದಲು, ದೊಡ್ಡವರು, ಸಲುಗೆಯಿಂದ ತಮಾಷೆ ಮಾಡುತ್ತಾರೆ ಎಂದ. "ಆ ಸಲುಗೆಯನ್ನು ನಿನ್ನ ಹೆಂಡತಿಯ ಹೆಗಲ ಮೇಲೂ ತೋರಿಸಲು ಬಿಡುತ್ತೀಯಾ?" ಎಂದು ಅವನನ್ನೇ ಕೇಳಿದೆ. ಅವನ ಮುಖ ಬೆವರಿತು. ನೀವು ನಿಶ್ಚಿಂತೆಯಿಂದಿರಿ ಅಮ್ಮ, ಬರುವ ಸಲಕ್ಕೆ ಪಕ್ಕಾ ಬಂದೋಬಸ್ತು ಮಾಡುತ್ತೇನೆ ಎಂದು ಮಾತು ಕೊಟ್ಟ. ನಾನೂ ಪೆದ್ದಿ, ನಂಬಿ ಶ್ರೀಮತಿಯನ್ನು ಒಪ್ಪಿಸಿದೆ. ಕಾವಲಿಗೆ ನಾನೂ ಜೊತೆಗೆ ಹೊರಟೆ.

ಮೊನ್ನೆ ಭಾನುವಾರ ಮಾಳಿಗೆ ಹತ್ತಿ ನೋಡುತ್ತೇನೆ, ಪುಂಡರೀಕನ ಬಂದೋಬಸ್ತು ಏನು ಗೊತ್ತೇ? ಫ್ಯಾಮಿಲಿ ರೂಮ್! ನಮ್ಮ ಹೋಟೆಲುಗಳಲ್ಲಿ ಹೆಂಗಸರು ಮಕ್ಕಳು ಬಂದರೆ ಕೂರಿಸಲು ಪರದೆ ಹಾಕಿದ ಮೂಲೆ ಇರುತ್ತದಲ್ಲ, ಅದೇ. ಕೆಳಗಿದ್ದ ಪ್ಲೈವುಡ್ಡಿನ ಅಡ್ಡಗೋಡೆ, ಎಣ್ಣೆ ಜಿಡ್ಡಿನ ಹಸಿರು ಪರದೆ, ಬೋರ್ಡು ಎಲ್ಲವನ್ನೂ ಮೇಲಕ್ಕೆ ಸಾಗಿಸಿ, ಸಭೆಯ ಹಿಂದಿನ ಮೂಲೆಯಲ್ಲಿ ನಿಲ್ಲಿಸಿದ್ದ. ಹೆಂಗಸರೆಲ್ಲ ಅದರೊಳಗೆ. ಪ್ರೊಫೆಸರರು ಹೊರಗೆ ಫ್ಯಾನಿನ ಅಡಿಯಲ್ಲಿ. ತನ್ನ ಬುದ್ಧಿವಂತಿಕೆಗೆ ಪುಂಡರೀಕ ತಾನೇ ಬೀಗುತ್ತಿದ್ದ.

ಒಳಗೆ ಗಾಳಿಯಿಲ್ಲ, ಕಪ್ಪುಹಲಗೆ ಕಾಣುವುದಿಲ್ಲ. ಶ್ರೀಮತಿ ಪ್ರಶ್ನೆ ಕೇಳಲು ಕೈ ಎತ್ತಿದರೆ ಪ್ರೊಫೆಸರರಿಗೆ ಕಾಣದು. ವೇಟರ್ ದೇಜಪ್ಪನಿಗೆ ಮಾತ್ರ ಪರದೆಯ ಸಂದಿಯಿಂದ ಕಂಡು, ಓಡಿ ಬಂದು ಏನು ಬೇಕು ಎಂದು ಕೇಳುತ್ತಿದ್ದ. ಅವಳು ಅನುಮಾನವಿದೆ ಎಂದಳು. ಅದು ಆಗಿಲ್ಲ, ಇಡ್ಲಿ ವಡೆ ಇದೆ ಎಂದ. ಅಷ್ಟರಲ್ಲಿ ಯಾರೋ ಮರಾಠಿ ಗಂಡ ಹೆಂಡತಿ, ಕೆಳಗೆ ಕಾಣದ ಫ್ಯಾಮಿಲಿ ರೂಮನ್ನು ಹುಡುಕುತ್ತಾ ಮೇಲೆ ಬಂದವರು, ಬೋರ್ಡು ನೋಡಿ ಸೀದಾ ಒಳಗೆ ನುಗ್ಗಿ ನಮ್ಮ ಮಧ್ಯೆ ಕೂತು ಮಸಾಲೆ ದೋಸೆ ಹೇಳಿದರು. ದೇಜಪ್ಪ ತಂದೂ ಕೊಟ್ಟ. ಹೊರಗೆ ಪ್ರೊಫೆಸರರು ತ್ರಿಪದಿಯ ಲಕ್ಷಣ ಹೇಳುತ್ತಿದ್ದಾರೆ, ಒಳಗೆ ಆ ಹೆಂಗಸು ಇನ್ನಷ್ಟು ಚಟ್ನಿ ಕೇಳುತ್ತಿದ್ದಾಳೆ. ನನಗೆ ನಗು ತಡೆಯಲಾಗಲಿಲ್ಲ. ಶ್ರೀಮತಿಯ ಕಣ್ಣಲ್ಲಿ ಮಾತ್ರ ನೀರಿತ್ತು, ಅದನ್ನು ಕಂಡು ನನ್ನ ನಗು ನಿಂತಿತು.

ಅಂದು ಹಾಡಲು ಕಳವಾದಿಂದ ಚಂದವ್ವ ಬಂದಿದ್ದಳು. ಕಟ್ಟಡದ ಕೆಲಸದವಳು, ಶ್ರೀಮತಿಗೆ ಮೊದಲ ಹಾಡು ಹೇಳಿಕೊಟ್ಟವಳು. ಅವಳಿಗೆ ಒಳಗೂ ಕುರ್ಚಿಯಿಲ್ಲ, ನೆಲದ ಮೇಲೆ ಚಾಪೆ. ನಮಗೆಲ್ಲ ಸ್ಟೀಲಿನ ಲೋಟ, ಅವಳಿಗೆ ಬೇರೆ ಗಾಜಿನದು. ಈಗ ಚಂದವ್ವ ಹಾಡಬೇಕು ಎಂದು ಹೊರಗಿನಿಂದ ಕೂಗಿದರು. ಅವಳು ಎದ್ದು ಸೆರಗು ಸರಿಮಾಡಿಕೊಂಡು ಸಾವಕಾಶ ಹೇಳಿದಳು: "ಪಡದಾದ ಹಿಂದ ಕುಂತು ನಾ ಹಾಡಂಗಿಲ್ರಿ. ನಾ ಏನ್ ಕಳ್ಳತನ ಮಾಡೀನೇನು, ಮಾರಿ ಮುಚ್ಕೊಳ್ಳಾಕ?"

ನಾನು ಪರದೆ ಸರಿಸಿ ಹೊರಗೆ ಬಂದೆ. ಮೊಣಕಾಲು ನೋಯಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಎಲ್ಲರೆದುರೇ ಕೇಳಿದೆ: "ಪುಂಡರೀಕಾ, ನಿನ್ನ ಹೋಟೆಲಿನಲ್ಲಿ ಒಬ್ಬ ಗಿರಾಕಿ ಪಕ್ಕದ ಟೇಬಲಿನ ಹೆಂಗಸರಿಗೆ ಕಿರಿಕಿರಿ ಮಾಡಿದರೆ ನೀನು ಯಾರನ್ನು ಎಬ್ಬಿಸುವುದು?"

ಅವನು ಪ್ರೊಫೆಸರರನ್ನು ನೋಡಿದ, ನನ್ನನ್ನು ನೋಡಿದ. ಕೊನೆಗೆ ಹೋಟೆಲಿನವನ ಬುದ್ಧಿಯೇ ಗೆದ್ದಿತು. "ಗಿರಾಕಿಯನ್ನು, ಅಮ್ಮ," ಎಂದ.

ಹಾಗಾದರೆ ಎಬ್ಬಿಸು ಎಂದೆ. ಹೆಂಗಸರೆಲ್ಲ ಕುರ್ಚಿ ಎತ್ತಿಕೊಂಡು ಫ್ಯಾನಿನ ಅಡಿಗೆ ಬಂದರು. ದೇಜಪ್ಪ ಪ್ರೊಫೆಸರರ ಕುರ್ಚಿಯನ್ನು ಫ್ಯಾಮಿಲಿ ರೂಮಿಗೆ ಸಾಗಿಸಿ, ಬಹಳ ವಿನಯದಿಂದ ಪರದೆ ಎಳೆದ. ಉಪನ್ಯಾಸ ಒಳಗಿನಿಂದಲೂ ಚೆನ್ನಾಗಿಯೇ ಕೇಳಿಸಿತು. ಕೈಗೆ ಯಾರ ಹೆಗಲೂ ಸಿಗದಿದ್ದರೆ ಬಾಯಿ ಸರಿಯಾಗಿ ಕೆಲಸ ಮಾಡುತ್ತದೆ ಎಂದು ಕಾಣುತ್ತದೆ. ಆದರೆ ಮರಾಠಿ ಹೆಂಗಸು ಅವರ ಕಡೆ ತಿರುಗಿ ಬಿಲ್ಲು ತನ್ನಿ ಎಂದಾಗ, ಪ್ರೊಫೆಸರರು ತನಗೆ ಹುಳಿತೇಗು ಎಂದು ಎದ್ದು ಹೊರಟೇಬಿಟ್ಟರು. ಪುಸ್ತಕದ ಕೆಲಸವನ್ನೂ ಮಾಡುವುದಿಲ್ಲವಂತೆ. ಈಗ ಅದನ್ನು ಗುಣಪಾಲ ಮೇಷ್ಟ್ರು ವಹಿಸಿಕೊಂಡಿದ್ದಾರೆ. ಅವರು ತಿದ್ದಬೇಕಾದದ್ದನ್ನು ಪೆನ್ಸಿಲಿನಲ್ಲಿ ತಿದ್ದುತ್ತಾರೆ, ಮೇಜಿನ ಆಚೆ ಬದಿಯಲ್ಲಿ ಕೂತು.

ಆಮೇಲೆ ಚಂದವ್ವ ಕುರ್ಚಿಯಲ್ಲಿ ಕೂತು, ಸ್ಟೀಲಿನ ಲೋಟದಲ್ಲಿ ಕಾಫಿ ಕುಡಿದು, ಹಾಡಿದಳು ನೋಡು. ನನಗೆ ನನ್ನ ಅಮ್ಮನ ನೆನಪಾಯಿತು. ಹೊರಡುವ ಮೊದಲು ಶ್ರೀಮತಿ ಕೆಳಗಿನಿಂದ 'ಇಂದಿನ ವಿಶೇಷ' ಎಂಬ ಬೋರ್ಡು ತರಿಸಿ, ರವಾ ದೋಸೆ ಒರೆಸಿ ಬರೆದಳು: ತಿದ್ದುವವರು ಕಾಗದ ಮಾತ್ರ ಮುಟ್ಟಬೇಕು, ಮನೆಯ ಸಂಗತಿ ಕೇಳಬಾರದು, ಎಲ್ಲರಿಗೂ ಒಂದೇ ಕುರ್ಚಿ ಒಂದೇ ಲೋಟ, ಕೈ ಎತ್ತಿದವರಿಗೆ ಮಾತು ಸಿಗಬೇಕು, ತಪ್ಪಿದವರಿಗೆ ಫ್ಯಾಮಿಲಿ ರೂಮ್. ಕೊನೆಯದು ನನ್ನದು. ಪುಂಡರೀಕ ಈಗ ಆ ಬೋರ್ಡನ್ನು ತಾನೇ ಮಾಡಿದ ಹಾಗೆ ಬಂದವರಿಗೆಲ್ಲ ತೋರಿಸುತ್ತಾನೆ. ತೋರಿಸಲಿ.

ನಿನ್ನ ಆರೋಗ್ಯ ನೋಡಿಕೋ. ಕೃಷ್ಣ ನಿನ್ನನ್ನು ಚೆನ್ನಾಗಿ ಇಟ್ಟಿರಲಿ, ಬುದ್ಧಿಯನ್ನೂ ಕೊಡಲಿ. ರೂಮಿನ ಹುಡುಗರಿಗೆಲ್ಲ ನಾನು ಕೇಳಿದೆನೆಂದು ಹೇಳು.

ನಿನ್ನ ಅಮ್ಮ,
ಸುಗುಣಾ

ತಾ.ಕ.: ಟಪ್ಪಾಲು ಹೋಗುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಪುಂಡರೀಕನಿಗೆ ಕೇಳಿದ ಪ್ರಶ್ನೆಯನ್ನೇ ನಿನಗೂ ಕೇಳುತ್ತಿದ್ದೇನೆ ಮಗಾ, ನೀನು ಎಬ್ಬಿಸಲು ಹೊರಟದ್ದು ಯಾರನ್ನು? ನಿನ್ನ ಪತ್ರ ನನ್ನ ಹೆಸರಿಗೆ ಬಂದದ್ದು ಪುಣ್ಯ, ಅವಳಿಗೆ ತೋರಿಸಿಲ್ಲ. ಅವಳ ಹೆಸರಿಗೆ ಇನ್ನೊಂದು ಬರೆ, ಮಾರ್ಚಿನ ಭಾನುವಾರದೊಳಗೆ ಸಿಗುವ ಹಾಗೆ. ದಿನಾ ಟಪ್ಪಾಲಿನವನ ದಾರಿ ನೋಡುತ್ತಾಳೆ. ಹಸಿರು ಪರದೆಯನ್ನು ನಾನು ಕೇಳಿ ತಂದಿದ್ದೇನೆ. ಸೋಡಾ ಹಾಕಿ ಕುದಿಸಿ, ಒಗೆದು ಮಡಚಿಟ್ಟಿದ್ದೇನೆ. ನೀನು ರಜೆಗೆ ಬಂದಾಗ ಊಟ ಅದರ ಹೊರಗೋ ಒಳಗೋ, ಅದು ನಿನ್ನ ಪತ್ರ ನೋಡಿದ ಮೇಲೆ.