ಹದಿನೈದಕ್ಕೆ ಗ್ಯಾರಂಟಿ

ಮಾರ್ಚ್ 1, ಶುಕ್ರವಾರ, ಸಂಜೆ 5
ಮತ್ತೆ ವಾರದ ವರದಿ. ಎಂಟು ಪ್ರಾಜೆಕ್ಟ್, ಎಂಟೂ ಹಸಿರು, ಅಂದರೆ ಕೆಲಸ ಸಮಯಕ್ಕೆ ಸರಿಯಾಗಿ ಆಗಿದೆ. ಕೆಂಪು ಒತ್ತಿದವರನ್ನು ಸೋಮವಾರದ ಮೀಟಿಂಗಿನಲ್ಲಿ ಎರಡು ಗಂಟೆ ಹುರಿದು ಮುಕ್ಕುತ್ತಾರೆ. ಹಾಗಾಗಿ ನಮ್ಮ ಆಫೀಸಿನಲ್ಲಿ ಯಾವ ಕೆಲಸವೂ ತಡವಾಗುವುದಿಲ್ಲ! ನಾವು ಕಟ್ಟುತ್ತಿರುವ ಡಯಾಲಿಸಿಸ್ ಘಟಕದ ನೀರಿನ ಪೈಪು ಮೂರು ಕಡೆ ಸೋರುತ್ತಿದೆ. ಹಸಿರೇ ಒತ್ತಿದೆ. ವಾರದೊಳಗೆ ಸರಿ ಮಾಡಿಸಿದರಾಯಿತು.

ಅಕ್ಕನ ಫೋನ್. "ಹದಿನೈದಕ್ಕೆ ಶುರು ಆಗೋದು ಗ್ಯಾರಂಟಿ ಏನೇ?"

"ಗ್ಯಾರಂಟಿ. ಮೊದಲನೇ ಕುರ್ಚಿ ನಿಂದೇ."

ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಎರಡು ಬಸ್ಸು ಬದಲಿಸುತ್ತಾಳೆ. ನಮ್ಮ ಘಟಕ ಅವಳ ಮನೆಯಿಂದ ಹತ್ತು ನಿಮಿಷದ ನಡಿಗೆ.

ಮಾರ್ಚ್ 5, ಮಂಗಳವಾರ
ಪೈಪಿನ ಮೇಸ್ತ್ರಿ ಸಾಮಾನು ಕಟ್ಟಿ ಹೊರಟಿದ್ದ. "ಬೇರೆ ಸೈಟಿಗೆ ಮೇಡಂ. ಇಲ್ಲಿ ಕೆಲ್ಸ ಮುಗ್ದಿದೆ ಅಂತ ಮೆಸೇಜ್ ಬಂತು."

ಹೊಸ ಎಐ ಸಾಫ್ಟ್‌ವೇರ್‌ನ ಕೆಲಸ. ಹಸಿರು ಕಂಡ ಕಡೆಯಿಂದ ತಂಡ ಕಿತ್ತು ಬೇರೆಡೆಗೆ ಕಳಿಸುತ್ತದೆ. ಹಸಿರು ಅಂದರೆ ಏನೆಂದು ನಮಗೆಲ್ಲ ಗೊತ್ತು. ಅದಕ್ಕೆ ಗೊತ್ತಿಲ್ಲ. ಪಾಪ, ನಂಬಿತು.

ತಂಡ ವಾಪಸ್ ಬರುವುದು ಇಪ್ಪತ್ತೆಂಟಕ್ಕೆ. ಅಕ್ಕನಿಗೆ ಹೇಳಬೇಕು. ನಾಳೆ.

ಮಾರ್ಚ್ 8, ಶುಕ್ರವಾರ
ಹೇಳಲಿಲ್ಲ. ಬಾಸ್‌ಗೂ ಹೇಳಲಿಲ್ಲ. ಕಾಡಿ ಬೇಡಿ ತಂಡ ಹಿಂದಕ್ಕೆ ತರಿಸೋಣ ಎಂದು ಫೋನ್ ಮೇಲೆ ಫೋನ್... ವರದಿಯಲ್ಲಿ ಮತ್ತೆ ಹಸಿರು. ಹೆದರಿಕೆ, ಅಷ್ಟೇ.

ಮಾರ್ಚ್ 17, ಭಾನುವಾರ
ಅಕ್ಕ ಹೋದಳು. ಗುರುವಾರ, ಹದಿನಾಲ್ಕು.

ಆಸ್ಪತ್ರೆಯ ಬೆಂಚಿನ ಮೇಲೆ ಭಾವ ಹೇಳಿದರು. "ಶನಿವಾರನೂ ಹೋಗ್ಲಿಲ್ಲ, ಮಂಗಳವಾರನೂ ಹೋಗ್ಲಿಲ್ಲ. ಬಸ್ಸಲ್ಲಿ ಕೂರೋಕಾಗಲ್ಲ, ತಂಗಿ ಹೇಳಿದ್ಮೇಲೆ ಮುಗೀತು, ಹದಿನೈದಕ್ಕೆ ನಡ್ಕೊಂಡೇ ಹೋಗ್ತೀನಿ ಅಂತ ಹಟ. ಘಟಕ ತೆರೆಯೋಕೆ ಒಂದೇ ಒಂದು ದಿನ ಇತ್ತು, ತಡ್ಕೋಬಾರ್ದಿತ್ತಾ?"

ಆಮೇಲೆ ನನ್ನ ತಲೆ ಸವರಿದರು. "ನೀನೆಷ್ಟು ಒದ್ದಾಡ್ದೆ ಅವಳಿಗೋಸ್ಕರ."

ಬಿಲ್ಲು ಕಟ್ಟುವ ನೆಪದಲ್ಲಿ ಎದ್ದುಹೋದೆ.

ಮಾರ್ಚ್ 24, ಭಾನುವಾರ, ಮಧ್ಯಾಹ್ನ
ಭಾವ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಾರೆ — ಹಟಮಾರಿ, ಬಸ್ಸು ಹತ್ತಲಿಲ್ಲ, ಒಂದು ದಿನ ತಡೆಯಲೂ ಇಲ್ಲ. ಘಟಕದ ಕಡೆ ಅವರಿನ್ನೂ ಹೋಗಿಲ್ಲ. ಅಕ್ಕನ ಮೇಲೆ ಆ ಮಾತು ನಿಲ್ಲಬಾರದು. ಇವತ್ತು ಹೋಗಿ ಹೇಳಿಬಿಟ್ಟೆ. ಘಟಕಕ್ಕೆ ಇನ್ನೂ ಬೀಗ ಹಾಕಿದೆ, ಹದಿನೈದಕ್ಕೆ ತೆರೆಯಲೇ ಇಲ್ಲ. ಹಸಿರು ಒತ್ತಿದವಳು ನಾನು. ಎಲ್ಲಾ ಹೇಳಿದೆ.

ಭಾವ ಕೇಳಿದ್ದು ಒಂದೇ.

"ಐದನೇ ತಾರೀಕೇ ಗೊತ್ತಿತ್ತಾ ನಿಂಗೆ?"

ಹೂಂ ಅಂದೆ.

ಭಾವ ಎದ್ದು ಹೋಗಿ ಬಾಗಿಲು ತೆರೆದು ನಿಂತರು. ನಾನು ಚಪ್ಪಲಿ ಮೆಟ್ಟಿ ಹೊರಗೆ ಬಂದೆ.